ಪಾನ ಹಿಡಿಯಿರಿ, ಗ್ರೈಂಡರ್ ಕೆಳಗಿಡಿ

ಅಜ್ಜನ ಮನೆಯ ಹಿತ್ತಿಲಲ್ಲೋ ಪಕ್ಕದೂರಿನ ಗುಜರಿಯಲ್ಲೋ ಹಳೆಯ ಜಾವಾ ಬೈಕ್ ಒಂದು ಸಿಕ್ಕಿತೆಂದರೆ ನಮ್ಮ ಹುಡುಗರು ಮೊದಲು ಎತ್ತುವುದು ಗ್ರೈಂಡರ್. ಸೀಟಿನ ಹಿಂದಿನ ಫ್ರೇಮು ಕುಯ್ದು, ಅಗಲವಾದ ಮಡ್‌ಗಾರ್ಡನ್ನು ಮೂಲೆಗೆಸೆದು, ಹಲಗೆಯಂಥ ಸೀಟು ಕೂರಿಸಿದರೆ ‘ಕೆಫೆ ರೇಸರ್’ ರೆಡಿ. ಫೋಟೊಗೆ ಚೆನ್ನಾಗಿಯೇ ಕಾಣುತ್ತದೆ. ಗಾಡಿ ಮಾತ್ರ ಅಲ್ಲಿಗೆ ಮುಗಿಯಿತು.

ನಾನು ಪಾಲಿಟೆಕ್ನಿಕ್ಕಿನ ವರ್ಕ್‌ಶಾಪಿನಲ್ಲಿ ಪಾಠ ಹೇಳಿ ನಿವೃತ್ತನಾದವನು. ಮೈಸೂರಿನ ನಮ್ಮ ಮನೆಯ ಕಾರ್ ಶೆಡ್ಡಿನಲ್ಲಿ ಕಾರಿಲ್ಲ. ಒಂದು ಬೆಂಚ್ ವೈಸ್, ಕಬ್ಬಿಣದ ಕಪಾಟು, 1968ರ ಜಾವಾ 250 ಇವೆ. ಹಳೆ ಗಾಡಿಗೆ ಕೈ ಹಾಕಲೇಬಾರದು ಎನ್ನುವ ಮಡಿವಂತ ನಾನಲ್ಲ. ಬಿಚ್ಚಿ, ಜೋಡಿಸಿ, ಬೇಕಾದ್ದು ಸೇರಿಸಿ. ಆದರೆ ಮಾಡಿದ್ದನ್ನು ನಾಳೆ ಇನ್ನೊಬ್ಬ ಪಾನ ಹಿಡಿದು ಬಿಚ್ಚುವಂತಿರಬೇಕು. ನನ್ನ ವಾದ ಇಷ್ಟೇ.

ಈ ಗಾಡಿಗಳು ಹುಟ್ಟಿದ್ದು ನಮ್ಮ ಊರಿನಲ್ಲಿ. ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿ ಪಡೆದು ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ತಯಾರಿಕೆ ಆರಂಭಿಸಿತು. 70ರ ದಶಕದಲ್ಲಿ ಹೆಸರು ಯೆಜ್ಡಿಯಾಯಿತು, 1996ರಲ್ಲಿ ಬಾಗಿಲು ಬಿತ್ತು. ಜಾವಾ ಹೆಸರಿನಲ್ಲಿ 2018ರಿಂದ ಮತ್ತೆ ಗಾಡಿಗಳು ಬರುತ್ತಿವೆ, ನಿಜ. ಆದರೆ ಅವು ಫೋರ್ ಸ್ಟ್ರೋಕ್, ನೀರಿನಿಂದ ತಣ್ಣಗಾಗುವ ಎಂಜಿನ್ನು. ಹಳೆಯದರ ಫ್ರೇಮು ಇನ್ನು ಯಾರೂ ಮಾಡಿಕೊಡುವುದಿಲ್ಲ. ಕುಯ್ದರೆ ಲೆಕ್ಕದಲ್ಲಿ ಒಂದು ಕಡಿಮೆ.

ಗಾಡಿಯ ಒಳಗಿನ ಬುದ್ಧಿವಂತಿಕೆ ನೋಡಿದವರಿಗೆ ಕುಯ್ಯುವ ಮನಸ್ಸೇ ಬರದು. ಕಿಕ್ಕರೂ ಗೇರ್ ಲಿವರೂ ಒಂದೇ: ಸ್ಟಾರ್ಟ್ ಮಾಡಿ ಒಳಕ್ಕೊತ್ತಿ ಮುಂದಕ್ಕೆ ತಿರುಗಿಸಿದರೆ ಅದೇ ಗೇರ್. ಆ ಲಿವರನ್ನು ತುಳಿದಾಗ ಕ್ಲಚ್ಚೂ ತಾನಾಗಿ ಬಿಡುತ್ತದೆ, ಕೈಯಲ್ಲಿ ಹಿಡಿಯಲೇಬೇಕೆಂದಿಲ್ಲ. ಇಗ್ನಿಷನ್ ಕೀ ಅಂತೂ ಮೊಳೆಯಂಥ ಒಂದು ಕಡ್ಡಿ. ಅದು ಕಳೆದರೆ ಮೊಳೆಯಲ್ಲೇ ಕೆಲಸ ಸಾಗಿಸಿದವರುಂಟು; ಕಳ್ಳರಿಗೂ ಅದು ಗೊತ್ತಿತ್ತು ಅನ್ನಿ.

ಸದ್ದಿಗಾಗಿ ಸೈಲೆನ್ಸರಿನ ಒಳಗಿನ ಬ್ಯಾಫಲ್ ಕಿತ್ತೆಸೆಯುವವರ ಮೇಲೆ ನನಗೆ ಹೆಚ್ಚು ಸಿಟ್ಟು. ಟೂ ಸ್ಟ್ರೋಕ್ ಎಂಜಿನ್ನಿಗೆ ವಾಲ್ವ್ ಇಲ್ಲ. ಸುಟ್ಟ ಹೊಗೆ ಹೊರಹೋಗುವ ಕಿಂಡಿ, ಹೊಸ ಪೆಟ್ರೋಲು-ಗಾಳಿ ಒಳಬರುವ ಕಿಂಡಿ ಎರಡೂ ಒಂದು ಕ್ಷಣ ಒಟ್ಟಿಗೇ ತೆರೆದಿರುತ್ತವೆ. ಆಗ ಸೈಲೆನ್ಸರಿನಿಂದ ಹಿಂದಿರುಗುವ ಒತ್ತಡದ ಅಲೆಯೇ ಹೊಸ ಮಿಶ್ರಣ ಸೋರಿಹೋಗದಂತೆ ತಡೆಯಬೇಕು. ಬ್ಯಾಫಲ್ ಕಿತ್ತರೆ ಸದ್ದು ಹೆಚ್ಚುತ್ತದೆ, ಎಳೆತ ಕುಗ್ಗುತ್ತದೆ. ಚಾಮುಂಡಿ ಬೆಟ್ಟ ಹತ್ತಿಸಿ ನೋಡಿದರೆ ತಿಳಿಯುತ್ತದೆ.

ಬಣ್ಣ, ಕ್ರೋಮಿಗೆ ಸುರಿಯುವ ದುಡ್ಡಿನಲ್ಲಿ ಸ್ವಲ್ಪವನ್ನಾದರೂ ಆಯಿಲ್ ಸೀಲಿಗೆ ಕೊಡಿ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಕ್ರ್ಯಾಂಕಿನ ಎರಡೂ ಬದಿಯ ಸೀಲು ಒಣಗಿ ಗಟ್ಟಿಯಾಗಿರುತ್ತವೆ. ಕ್ಲಚ್ ಬದಿಯದು ಹೋದರೆ ಗೇರ್ ಆಯಿಲ್ ಒಳಗೆಳೆದುಕೊಂಡು ರಸ್ತೆ ತುಂಬ ಬಿಳಿ ಹೊಗೆ; ಅದು ಕಣ್ಣಿಗೆ ಕಾಣುವ ರೋಗ. ಡೈನಮೋ ಬದಿಯದು ಹೋದರೆ ಗಾಳಿ ಸೇರಿ ಮಿಶ್ರಣ ತೆಳುವಾಗುತ್ತದೆ, ಎಂಜಿನ್ ಕಾಯುತ್ತದೆ, ಪಿಸ್ಟನ್ ಜಾಮ್ ಆಗುತ್ತದೆ. ಆಮೇಲೆ ರೀಬೋರ್‌ಗೆ ಓಡಬೇಕು. 65 ಮಿಲಿಮೀಟರಿನ ಆ ಬೋರನ್ನು ಎಷ್ಟು ಸಲವೆಂದು ಕೊರೆಯುತ್ತೀರಿ? ಟ್ಯಾಂಕಿನ ತುಕ್ಕಿಗೂ ಆ್ಯಸಿಡ್ ಸುರಿಯಬೇಕಿಲ್ಲ. ವಾಷಿಂಗ್ ಸೋಡಾ ನೀರು ತುಂಬಿ, ಟ್ಯಾಂಕಿಗೆ ತಾಗದಂತೆ ಕಬ್ಬಿಣದ ಸರಳೊಂದನ್ನು ಇಳಿಬಿಟ್ಟು, ಬ್ಯಾಟರಿ ಚಾರ್ಜರಿನ ಪ್ಲಸ್ ಅನ್ನು ಸರಳಿಗೆ, ಮೈನಸ್ ಅನ್ನು ಟ್ಯಾಂಕಿಗೆ ಕೊಟ್ಟರೆ ತುಕ್ಕು ಸಡಿಲವಾಗಿ ಬರುತ್ತದೆ. ಬಯಲಿನಲ್ಲಿ ಮಾಡಿ, ಬೀಡಿ ಹಚ್ಚಿದವರನ್ನು ಹತ್ತಿರ ಬಿಡಬೇಡಿ, ಹೈಡ್ರೋಜನ್ ಏಳುತ್ತದೆ.

ಹಾಗಾದರೆ ಏನು ಬದಲಾಯಿಸಬಹುದು? 6 ವೋಲ್ಟಿನ ಮಿಣುಕು ದೀಪ ಈಗಿನ ರಸ್ತೆಗೆ ಸಾಲದು. 12 ವೋಲ್ಟ್ ಕಿಟ್ ಹಾಕಿ, ಹಳೆಯ ಡೈನಮೋಗೆ ಗ್ರೀಸ್ ಸವರಿ ಡಬ್ಬದಲ್ಲಿಡಿ. ಸೊಂಟ ಕೇಳದಿದ್ದರೆ ಬೇರೆ ಹ್ಯಾಂಡಲ್, ಮೆತ್ತನೆಯ ಸೀಟು ಹಾಕಿ, ಆದರೆ ಮೂಲ ಬೋಲ್ಟಿನ ತೂತುಗಳಲ್ಲೇ ಕೂರುವಂಥವು. ಕಾರ್ಖಾನೆಯಲ್ಲಿ ದುಡಿದಿದ್ದ ಹಿರಿಯ ಮೇಸ್ತ್ರಿಯೊಬ್ಬರು ನನ್ನ ಗಾಡಿಯ ಪಾಯಿಂಟ್ ಗ್ಯಾಪ್ ಹೊಂದಿಸುತ್ತಾ, ಪಕ್ಕದಲ್ಲಿ ತನ್ನ ಗಾಡಿ ಕುಯ್ಯಿಸಿ ‘ಬಾಬರ್’ ಮಾಡಿಸಲು ಬಂದು ನಿಂತಿದ್ದ ಹುಡುಗನಿಗೆ ಹೇಳಿದರು: ‘ಕುಯ್ಯೋಕೆ ಹತ್ತು ನಿಮಿಷ ಕಣಪ್ಪಾ. ಆಮೇಲೆ ಅಲೈನ್‌ಮೆಂಟ್ ಕೂಡಿಸೋನು ಯಾವನು?’ ಹುಡುಗ ನಕ್ಕ. ಅವರು ನಗಲಿಲ್ಲ.

ಕಾನೂನೂ ಮೇಸ್ತ್ರಿಯ ಪರ. ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿ ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಡೆಯುತ್ತದೆ; 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ. ಕೇಂದ್ರ ಸರ್ಕಾರ 2021ರಲ್ಲಿ ತಂದ ವಿಂಟೇಜ್ ನಿಯಮದಡಿ 50 ವರ್ಷ ದಾಟಿದ, ಮೂಲ ರೂಪದಲ್ಲಿ ಉಳಿದ ಗಾಡಿಗೆ ‘ವಿಎ’ ಅಕ್ಷರದ ಪ್ರತ್ಯೇಕ ನಂಬರ್ ಸಿಗುತ್ತದೆ. ಫ್ರೇಮು ಕುಯ್ದವರಿಗೆ ಆ ದಾರಿ ಮುಚ್ಚಿತು. ಈ ನಿಯಮದ ಬಗ್ಗೆಯೂ ನನಗೆ ತಕರಾರಿದೆ: ಆ ನಂಬರ್ ಪಡೆದ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ರಿಪೇರಿಯಂಥ ಕೆಲಸಕ್ಕಷ್ಟೇ ರಸ್ತೆಗಿಳಿಸಬಹುದು. ಓಡದ ಟೂ ಸ್ಟ್ರೋಕಿನ ಸೀಲು ಒಣಗುತ್ತದೆ, ಕಾರ್ಬುರೇಟರ್ ಕಟ್ಟುತ್ತದೆ. ವಾರಕ್ಕೊಮ್ಮೆ ದೇವರಾಜ ಮಾರುಕಟ್ಟೆಗೆ ಹೋಗಿ ಸೊಪ್ಪು ತರಲು ಅವಕಾಶವಿದ್ದರೆ ಸರ್ಕಾರಕ್ಕೆ ಏನು ನಷ್ಟವೋ ತಿಳಿಯದು.

ಇಷ್ಟು ಹೇಳಿದ ಮೇಲೂ ಗಾಡಿ ಬಿಚ್ಚಿ ಬಣ್ಣಕ್ಕೆ ಕಳಿಸುವವರಿಗೆ ಒಂದು ಮಾತು. ಪೌಡರ್ ಕೋಟಿಂಗಿನವರು ಮರಳು ಹೊಡೆದು, ಮೇಲೆ ದಪ್ಪ ಬಣ್ಣ ಸುಟ್ಟರೆ ಚಾಸಿ ನಂಬರ್ ಮುಚ್ಚಿಹೋಗುತ್ತದೆ. ಆರ್‌ಟಿಒ ಕಚೇರಿಯಲ್ಲಿ ಪೆನ್ಸಿಲ್ ಪ್ರಿಂಟ್ ಮೂಡದಿದ್ದರೆ ಗಾಡಿ ನಿಮ್ಮದೆಂದು ಒಪ್ಪಿಸುವುದು ಕಷ್ಟ. ಕಳಿಸುವ ಮೊದಲು ಚಾಸಿ ನಂಬರ್, ಎಂಜಿನ್ ನಂಬರ್ ಎರಡರ ಪೆನ್ಸಿಲ್ ಪ್ರಿಂಟ್ ತೆಗೆದಿಟ್ಟುಕೊಳ್ಳಿ, ಆರ್‌ಸಿ ಪುಸ್ತಕಕ್ಕೆ ಹೋಲಿಸಿ ನೋಡಿ, ಆ ಜಾಗಕ್ಕೆ ನೀವೇ ನಿಂತು ಟೇಪ್ ಅಂಟಿಸಿ.