ತಾನು ಹಿಡಿದ ಮೊಲಕ್ಕೆ...

ರಜೆಗೆ ಹೂಲಿಗೆ ಬಂದಿದ್ದ ನನ್ನ ಮೊಮ್ಮಗಳು ಶಾಲೆಗೆ ಹೋಗದೆ ಮನೆಯಲ್ಲೇ ಕಲಿಯುವವಳು. ಅವಳ ಮೊಲದ ಪಾಠವೆಂದರೆ ಹತ್ತಿ ಅಂಟಿಸಿದ ಬಿಳಿ ಮೊಲ, ಅದರ ಮುಂದೊಂದು ಗಜ್ಜರಿ. ಚಟುವಟಿಕೆ ಸೊಗಸಾಗಿತ್ತು, ಆದರೆ ಆ ಪ್ರಾಣಿ ನಮ್ಮ ನೆಲದ್ದಲ್ಲ.

ಸಾಕುಮೊಲದ ಮೂಲ ಯುರೋಪು. ಅದರ ಮರಿ ರೋಮವಿಲ್ಲದೆ, ಕಣ್ಣು ಮುಚ್ಚಿಕೊಂಡು ಹುಟ್ಟುತ್ತದೆ. ನಮ್ಮ ಕುರುಚಲು ಗುಡ್ಡ, ಜೋಳದ ಹೊಲಗಳಲ್ಲಿರುವುದು ಕಂದು ಮೈಯ, ಹಿಂಗತ್ತು ಕಪ್ಪಾಗಿರುವ ಕಾಡುಮೊಲ. ಅದು ಬಿಲ ತೋಡದೆ ಹುಲ್ಲಿನ ಮರೆಯಲ್ಲೇ ಈಯುತ್ತದೆ. ಮರಿಗೆ ಹುಟ್ಟುವಾಗಲೇ ರೋಮವಿರುತ್ತದೆ, ಕಣ್ಣು ತೆರೆದಿರುತ್ತದೆ. ಎರಡನ್ನೂ ನಾವು ಮೊಲವೆಂದೇ ಕರೆಯುವುದರಿಂದ ಈ ಗೊಂದಲ.

ಗೊಂದಲಕ್ಕೆ ಬೆಲೆ ತೆರುವುದು ಮರಿ. ವೈರಿಗಳಿಗೆ ಜಾಡು ಸಿಗದಂತೆ ತಾಯಿಮೊಲ ಹಗಲೆಲ್ಲ ದೂರವಿದ್ದು, ಕತ್ತಲಾದ ಮೇಲೆ ಹಾಲೂಡಲು ಬರುತ್ತದೆ. ಇದನ್ನರಿಯದ ನಾನು ಬಾಲ್ಯದಲ್ಲಿ ಒಂಟಿ ಮರಿಯೊಂದನ್ನು ತಬ್ಬಲಿಯೆಂದು ಭಾವಿಸಿ ಹೊಲದಿಂದ ತಂದು ಆಕಳ ಹಾಲು ಕುಡಿಸಿದೆ. ಮೂರನೆಯ ದಿನ ಅದು ಸತ್ತಿತು. ನನ್ನಲ್ಲಿ ಕರುಣೆಯಿತ್ತು, ತಿಳಿವಳಿಕೆಯಿರಲಿಲ್ಲ. ಕಾಡುಮೊಲವನ್ನು ಹಿಡಿಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧವೂ ಹೌದು.

ಹತ್ತಿ, ಅಂಟು ಇರಲಿ. ಜೊತೆಗೆ ಪಾಲಕರು ಮಗುವನ್ನು ಸಂಜೆ ಹೊಲದ ಬದುವಿಗೆ ಕರೆದೊಯ್ಯಲಿ. ದುಂಡನೆಯ ಹಿಕ್ಕೆ, ಓರೆಯಾಗಿ ಕತ್ತರಿಸಿದ ಚಿಗುರು, ಮೊಲ ಮಲಗಿದ್ದ ಹುಲ್ಲಿನ ತಗ್ಗು ಇವನ್ನು ತೋರಿಸಲಿ. ಕಂಡದ್ದನ್ನು ಮುಟ್ಟದೆ ಬರೆದಿಡಲು ಕಲಿಸಲಿ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬ ಹಟ ಪುಸ್ತಕಗಳಿಗೂ ಉಂಟು. ನಾಲ್ಕನೆಯ ಕಾಲು ಕಾಣಬೇಕಾದರೆ ಹಿಡಿಯದೆ ನೋಡಬೇಕು.