ಯಂತ್ರದ ಮಾತು, ಮನುಷ್ಯನ ಅಳುಕು



ನಮ್ಮ ಓಣಿಯ ವೃದ್ಧ ತಾಯಿಯೊಬ್ಬರು ಈಚೆಗೆ ಮಾಸಾಶನದ ಹಣಕ್ಕಾಗಿ ಹೋಗಿ ಮೂರು ದಿನ ಬರಿಗೈಯಲ್ಲಿ ಮರಳಿದರು. ಬೆರಳೊತ್ತಿದಾಗಲೆಲ್ಲ ಪರದೆಯ ಮೇಲೆ ಒಂದು ಸಂಖ್ಯೆಯೂ ‘ಎರರ್’ ಎಂಬ ಪದವೂ ಮೂಡುತ್ತಿದ್ದವಂತೆ. ‘ಎರರ್ ಬರಾಕತ್ತೈತಿ, ನಾಳೆ ಬಾ ಯಮ್ಮಾ’ ಎಂಬುದಷ್ಟೇ ಅಲ್ಲಿ ಕುಳಿತವರ ಉತ್ತರ. ‘ಎರರ್ ಅಂದ್ರ ತಪ್ಪಂತ. ನಂದೇನು ತಪ್ಪಾತರಿ ಶಾಸ್ತ್ರಿಗಳ?’ ಎಂದು ಆ ತಾಯಿ ನಮ್ಮನ್ನು ಕೇಳಿದಾಗ ನಾವು ನಿರುತ್ತರರಾದೆವು.

ಗಣಕಯಂತ್ರದ ಇಂತಹ ಮಾತುಗಳ ಚರಿತ್ರೆಯನ್ನು ಅರಸಿದರೆ ನಗೆ ಉಕ್ಕುತ್ತದೆ. ಕೀಲಿಮಣೆಯ ತಂತಿ ಕಳಚಿದ್ದರೆ ಹಳೆಯ ಗಣಕಗಳು ‘ಕೀಲಿಮಣೆ ಇಲ್ಲ, ಮುಂದುವರಿಯಲು ಎಫ್-1 ಕೀಲಿಯನ್ನು ಒತ್ತಿರಿ’ ಎನ್ನುತ್ತಿದ್ದವು. ಇಲ್ಲದ ಕೀಲಿಯನ್ನು ಒತ್ತುವುದೆಂತು? ಯೂನಿಕ್ಸ್ ವ್ಯವಸ್ಥೆಗಾಗಿ ಕೆನ್ ಥಾಂಪ್ಸನ್ ರಚಿಸಿದ ‘ಎಡ್’ ಎಂಬ ಬರವಣಿಗೆಯ ಸಾಧನವು ಇನ್ನೂ ಮಿತಭಾಷಿ. ಏನೇ ತಪ್ಪಿದರೂ ಅದು ಕೊಡುತ್ತಿದ್ದ ಉತ್ತರ ಒಂದು ಪ್ರಶ್ನಾರ್ಥಕ ಚಿಹ್ನೆ ಮಾತ್ರ!

1985ರಲ್ಲಿ ಬಂದ ಅಮಿಗಾ ಗಣಕವು ಕೆಟ್ಟು ನಿಂತಾಗ, ಕೆಂಪು ಚೌಕಟ್ಟಿನೊಳಗೆ ‘ಗುರು ಮೆಡಿಟೇಷನ್’, ಎಂದರೆ ಗುರುಧ್ಯಾನ, ಎಂದು ಬರೆದು ಮುಂದೆ ಅಂಕಿಗಳ ಸಾಲನ್ನು ಇಡುತ್ತಿತ್ತು. ಯಂತ್ರವು ಪದೇ ಪದೇ ನಿಂತು ಬೇಸರವಾದಾಗ ಅದರ ನಿರ್ಮಾಪಕರು ಆಟದ ಹಲಗೆಯೊಂದರ ಮೇಲೆ ಅಲುಗದೆ ಕುಳಿತು ಮನಸ್ಸನ್ನು ತಣಿಸಿಕೊಳ್ಳುತ್ತಿದ್ದರೆಂದೂ, ಆ ವಿನೋದದಿಂದಲೇ ಈ ಹೆಸರು ಹುಟ್ಟಿತೆಂದೂ ಪ್ರತೀತಿ. ಮಠದ ಅನ್ನವುಂಡು ಬೆಳೆದ ನಮಗೆ ಗುರುವೂ ಗೊತ್ತು, ಧ್ಯಾನವೂ ಗೊತ್ತು. ಆದರೆ ಆ ಅಂಕಿಗಳ ಅರ್ಥ ಮಾತ್ರ ನಮಗೂ ಆಗದು.

ವಿಂಡೋಸ್ 95ರ ಕಾಲದಲ್ಲಿ ‘ಈ ಪ್ರೋಗ್ರಾಂ ಇಲ್ಲೀಗಲ್ ಆಪರೇಷನ್ ಎಸಗಿದೆ’ ಎಂಬ ಒಕ್ಕಣೆ ಕಾಣಿಸುತ್ತಿತ್ತು. ಇಲ್ಲೀಗಲ್ ಎಂದರೆ ಕಾನೂನುಬಾಹಿರವೆಂದು ಬಲ್ಲ ಸಾಮಾನ್ಯನಿಗೆ ಪೋಲೀಸರ ನೆನಪಾದರೆ ಆಶ್ಚರ್ಯವೇನು? ಪ್ರೋಗ್ರಾಮು ತನ್ನದಲ್ಲದ ಸ್ಮೃತಿಕೋಶಕ್ಕೆ ಕೈಹಾಕಿದೆ, ಇಲ್ಲವೇ ಯಂತ್ರಕ್ಕೆ ಸಲ್ಲದ ಆಜ್ಞೆಯನ್ನು ಕೊಟ್ಟಿದೆ ಎಂಬುದಷ್ಟೇ ಅದರ ಅರ್ಥ. ಕುಳಿತು ಬೆರಳಾಡಿಸುತ್ತಿದ್ದವನ ಅಪರಾಧ ಅದರಲ್ಲಿ ಏನೂ ಇರಲಿಲ್ಲ.

ಇವುಗಳಿಗೆ ಕಾರಣವೂ ಉಂಟು. ಆದಿಯ ಗಣಕಗಳಲ್ಲಿ ಸ್ಮೃತಿಯ ಅವಕಾಶ ಬಲು ಕಿರಿದು. ಅಕ್ಷರಕ್ಕೂ ಜಿಪುಣತನ ಅನಿವಾರ್ಯವಾಗಿತ್ತು. ಅದಕ್ಕಿಂತ ಮುಖ್ಯವಾಗಿ, ಆ ಮಾತುಗಳು ಯಂತ್ರವನ್ನು ಕಟ್ಟಿದವರು ತಮ್ಮಂಥವರಿಗಾಗಿ ಬರೆದುಕೊಂಡವು, ಬಳಸುವವರಿಗಾಗಿ ಅಲ್ಲ. ಇಂದು ಅವಕಾಶದ ಕೊರತೆಯಿಲ್ಲ. ಆದರೂ ನಮ್ಮ ಕೈಯಲ್ಲಿರುವ ಮೊಬೈಲು ‘ಏನೋ ತಪ್ಪಾಗಿದೆ, ನಂತರ ಪ್ರಯತ್ನಿಸಿ’ ಎಂದು ಸುಮ್ಮನಾಗುತ್ತದೆ. ಮಾತು ಮೃದುವಾಯಿತೇ ಹೊರತು ತಿಳಿವಳಿಕೆ ಹೆಚ್ಚಲಿಲ್ಲ.

ಪಾಠಶಾಲೆಯಲ್ಲಿ ನಮಗೆ ವ್ಯಾಕರಣ ಕಲಿಸಿದ ಗುರುಗಳು ನೆನಪಾಗುತ್ತಾರೆ. ಪಾಟಿಯ ಮೇಲೆ ನಾವು ತಪ್ಪು ಬರೆದರೆ ಅವರು ‘ತಪ್ಪು’ ಎಂದಷ್ಟೇ ಹೇಳಿ ಎಂದೂ ಎದ್ದುಹೋದವರಲ್ಲ. ತಪ್ಪಿದ ಅಕ್ಷರದ ಮೇಲೆಯೇ ಬೆರಳಿಟ್ಟು, ಏಕೆ ತಪ್ಪಿತೆಂದು ಹೇಳಿ, ತಿದ್ದುವ ಬಗೆಯನ್ನು ತೋರಿಸುತ್ತಿದ್ದರು. ಏನಾಯಿತು, ಏಕಾಯಿತು, ಮುಂದೇನು ಮಾಡಬೇಕು: ಈ ಮೂರೂ ಇಲ್ಲದ ಮಾತು ಎಚ್ಚರಿಕೆಯಲ್ಲ, ಬರಿಯ ಬೆದರಿಕೆ.

ನಾಲ್ಕನೆಯ ದಿನ ನಾವೂ ಆ ತಾಯಿಯ ಜೊತೆ ಹೋದೆವು. ಅಲ್ಲಿದ್ದ ಹುಡುಗನೊಬ್ಬನು ಪರದೆಯ ಸಂಖ್ಯೆಯ ಅರ್ಥವನ್ನು ಹುಡುಕಿ ನೋಡಿ, ‘ಬೆರಳಿನ ಗೆರಿ ಸವದಾವ ಯಮ್ಮಾ, ಬ್ಯಾರೆ ಬೆರಳು ಇಡು’ ಎಂದನು. ಕೈ ಒರೆಸಿಕೊಂಡು ಉಂಗುರದ ಬೆರಳನ್ನಿಟ್ಟರು, ಹಣ ಬಂದಿತು. ಕುಡುಗೋಲು ಹಿಡಿದು, ಬೀಸುಕಲ್ಲು ತಿರುವಿ, ಐದು ಮಕ್ಕಳನ್ನು ಸಾಕಿದ ಕೈ ಅದು. ದುಡಿದು ಸವೆದ ಬೆರಳಿಗೆ ಯಂತ್ರವು ‘ತಪ್ಪು’ ಎಂದು ಹೆಸರಿಟ್ಟಿತ್ತು!

ಮನೆಯ ಎಳೆಯರಲ್ಲಿ ನಮ್ಮದೊಂದು ವಿನಂತಿ. ಹಿರಿಯರು ಮೊಬೈಲು ಹಿಡಿದು ‘ಇದೇನೋ ಬಂದೈತಿ ನೋಡಪಾ’ ಎಂದು ಬಂದಾಗ ಸಿಡುಕದೆ, ಒಂದು ಗಳಿಗೆ ಕುಳಿತು ಓದಿ ಹೇಳಿರಿ. ನಿಮ್ಮ ತಪ್ಪಲ್ಲ ಎಂಬ ಮಾತನ್ನು ಮೊದಲು ಹೇಳಿರಿ. ಯಂತ್ರಕ್ಕೆ ಆ ಮಾತು ಬಾರದು; ನಮಗೆ ಬರುತ್ತದೆ.