ನಮ್ಮ ಮನೆಗೂ ಒಂದು ವಿಳಾಸ ಬೇಡವೇ?

ನನ್ನ ದಾದಾ ಚಾಂಪಿಯನ್ ರೀಫ್ ಗಣಿಯಲ್ಲಿ ದುಡಿದವರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚುವವರೆಗೂ ಕೆಲಸದಲ್ಲಿದ್ದರು. ತೀರಿಹೋಗುವ ಮೊದಲು ಅವರು ಹೇಳಿದ ಗಣಿಯ ಕತೆಗಳನ್ನು ನಾವು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೆವು. ಕಳೆದ ರಜೆಯಲ್ಲಿ ಆ ವಿಡಿಯೊಗಳನ್ನೂ ಆಪಾಳ ಮದುವೆಯ ವಿಡಿಯೊವನ್ನೂ ಒಂದು ಹಳೆಯ ಲ್ಯಾಪ್‌ಟಾಪಿಗೆ ಹಾಕಿ, ಜೆಲ್ಲಿಫಿನ್ ಎಂಬ ಉಚಿತ ತಂತ್ರಾಂಶವನ್ನು ಅಳವಡಿಸಿದೆ. ಮನೆಯ ಟಿವಿಯಲ್ಲಿ ಎಲ್ಲವೂ ಚೆನ್ನಾಗಿ ಬಂತು. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಭಾಯಿಗೆ ಮಾತ್ರ ಏನೂ ಕಾಣಲಿಲ್ಲ.

"ಯೂಟ್ಯೂಬಿಗೆ ಹಾಕಿಬಿಡು" ಎಂದರು ಗೆಳೆಯರು. ಅಮ್ಮಿ ಒಪ್ಪಲಿಲ್ಲ. "ಮನೆಯ ಮದುವೆ ಮನೆಯವರಿಗೆ ಸಾಕು" ಎಂದರು. ಅವರ ಮಾತು ನನಗೂ ಸರಿ ಎನಿಸಿತು.

ರೂಟರಿನಲ್ಲಿ ಪೋರ್ಟ್ ಫಾರ್ವರ್ಡಿಂಗ್ ಮಾಡಿದೆ. ಜೆಲ್ಲಿಫಿನ್ ಬಳಸುವ 8096ನೇ ಪೋರ್ಟನ್ನು ತೆರೆದೆ. ಪ್ರಯೋಜನವಾಗಲಿಲ್ಲ. ಇಂಟರ್ನೆಟ್ ಕೊಟ್ಟವರಿಗೆ ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ "ರೂಟರ್ ಆಫ್ ಮಾಡಿ ಆನ್ ಮಾಡಿ" ಎಂಬುದೇ ಉತ್ತರ. ನಾಲ್ಕು ದಿನ ನನ್ನದೇ ತಪ್ಪು ಎಂದುಕೊಂಡು ಹುಡುಕಿದೆ.

ಐದನೇ ದಿನ ರೂಟರಿನ ಪುಟದಲ್ಲಿ ವ್ಯಾನ್ ಐಪಿ ಎಂದು ಬರೆದಿದ್ದ ಸಂಖ್ಯೆಯನ್ನು ನೋಡಿದೆ. ಅದು 100.72 ಎಂದು ಆರಂಭವಾಗಿತ್ತು. ನಮ್ಮ ಐಪಿ ಯಾವುದೆಂದು ತೋರಿಸುವ ಜಾಲತಾಣದಲ್ಲಿ ಬೇರೆಯದೇ ಸಂಖ್ಯೆ ಇತ್ತು. ತೊಂದರೆ ಇದ್ದದ್ದು ಅಲ್ಲಿ. 100.64ರಿಂದ 100.127ರವರೆಗಿನ ವಿಳಾಸಗಳನ್ನು 2012ರಲ್ಲಿ ಕಂಪನಿಗಳ ಒಳಬಳಕೆಗೆಂದೇ ಮೀಸಲಿಡಲಾಗಿದೆ. ಹೊರಗಿನ ಒಂದು ವಿಳಾಸವನ್ನು ಹಲವು ಮನೆಗಳು ಹಂಚಿಕೊಳ್ಳುತ್ತವೆ. ಇದಕ್ಕೆ ಸಿಜಿನ್ಯಾಟ್ ಎನ್ನುತ್ತಾರೆ. ದೊಡ್ಡ ವಠಾರಕ್ಕೆ ಒಂದೇ ಬಾಗಿಲು ಸಂಖ್ಯೆ ಇದ್ದಂತೆ: ಒಳಗಿನವರು ಹೊರಗೆ ಹೋಗಬಹುದು, ಆದರೆ ಹೊರಗಿನಿಂದ ಬಂದವರಿಗೆ ನಮ್ಮ ಮನೆ ಯಾವುದೆಂದು ತಿಳಿಯದು. ನಾನು ನನ್ನ ಮನೆಯ ಬಾಗಿಲು ತೆರೆದಿದ್ದೆ, ವಠಾರದ ಗೇಟು ನನ್ನ ಕೈಯಲ್ಲಿರಲಿಲ್ಲ.

ಹೀಗೆ ಹಂಚುವುದು ಮೋಸವೆಂದು ನಾನು ಹೇಳುವುದಿಲ್ಲ. ಹಳೆಯ ಐಪಿವಿ4 ಪದ್ಧತಿಯಲ್ಲಿ ಇರುವುದೇ ಸುಮಾರು 430 ಕೋಟಿ ವಿಳಾಸ. 2011ರ ಫೆಬ್ರವರಿಯಲ್ಲೇ ಜಾಗತಿಕ ದಾಸ್ತಾನು ಹಂಚಿ ಮುಗಿದಿದೆ. ಆದರೆ ಇದನ್ನು ಗ್ರಾಹಕರಿಗೆ ಹೇಳದಿರುವುದು ತಪ್ಪು. ಎಷ್ಟು ಎಂಬಿಪಿಎಸ್ ವೇಗ ಎಂದು ದೊಡ್ಡ ಅಕ್ಷರದಲ್ಲಿ ಬರೆಯುವವರು, "ಈ ಸಂಪರ್ಕಕ್ಕೆ ಸ್ವಂತ ವಿಳಾಸ ಇರುವುದಿಲ್ಲ" ಎಂದು ಒಂದು ಸಾಲು ಕನ್ನಡದಲ್ಲಿ ಬರೆದರೆ ಏನು ನಷ್ಟ? ಹೊಸ ಐಪಿವಿ6 ಪದ್ಧತಿಯಲ್ಲಿ ವಿಳಾಸಗಳಿಗೆ ಬರವಿಲ್ಲ. ಅದನ್ನು ಪ್ರತಿ ಮನೆಗೂ ಕೊಡಲಿ.

ಕೊನೆಗೆ ಟೇಲ್‌ಸ್ಕೇಲ್ ಎಂಬ ತಂತ್ರಾಂಶವನ್ನು ಲ್ಯಾಪ್‌ಟಾಪಿಗೂ ಭಾಯಿಯ ಮೊಬೈಲಿಗೂ ಹಾಕಿದೆ. ಎರಡೂ ಕಡೆಯಿಂದ ಸಂಪರ್ಕ ಒಳಗಿನಿಂದಲೇ ಹೊರಡುವುದರಿಂದ ಗೇಟಿನ ತೊಂದರೆ ಇಲ್ಲ. ಮೊದಲು ತೆರೆದಿದ್ದ ಪೋರ್ಟನ್ನು ಮುಚ್ಚಿದೆ. ನೀವೂ ಮರೆಯದೆ ಮುಚ್ಚಿ. ತೆರೆದ ಬಾಗಿಲಿಗೆ ನೆಂಟರಷ್ಟೇ ಬರುವುದಿಲ್ಲ.

1902ರಲ್ಲೇ ಶಿವನಸಮುದ್ರದಿಂದ ವಿದ್ಯುತ್ ತರಿಸಿಕೊಂಡ ಊರು ನಮ್ಮದು. ಇಂದು ಆಂಡರ್ಸನ್‌ಪೇಟೆಯ ಎಷ್ಟೋ ಮನೆಗಳಲ್ಲಿ ಒಬ್ಬರಾದರೂ ದುಡಿಮೆಗಾಗಿ ಬೆಂಗಳೂರಿನ ರೈಲು ಹಿಡಿಯುತ್ತಾರೆ. ದೂರ ಇರುವವರಿಗೆ ಮನೆ ತಲುಪುವ ದಾರಿ ಬೇಕು. ಹೊಸ ಸಂಪರ್ಕ ಪಡೆಯುವಾಗ ವೇಗದ ಜೊತೆಗೆ ಇದನ್ನೂ ಕೇಳಿ: "ನಮಗೆ ಪಬ್ಲಿಕ್ ಐಪಿ ಇದೆಯೇ? ಐಪಿವಿ6 ಇದೆಯೇ?" ನಮ್ಮ ಲ್ಯಾಬಿನಲ್ಲೂ ಐಪಿ ವಿಳಾಸದ ಪಾಠವನ್ನು ಒಂದು ನಿಜವಾದ ರೂಟರ್ ಮುಂದಿಟ್ಟು ಕಲಿಸಲಿ ಎಂದು ಉಪನ್ಯಾಸಕರಲ್ಲಿ ನನ್ನ ವಿನಂತಿ.

ಅಂದು ರಾತ್ರಿ ಭಾಯಿ ಫೋನ್ ಮಾಡಿದರು. "ದಾದಾ ಮಾತಾಡ್ತಿದ್ದಾರೆ, ಆಮೇಲೆ ಮಾಡ್ತೀನಿ" ಎಂದು ಇಟ್ಟುಬಿಟ್ಟರು.

– ದ್ವಿತೀಯ ಪಿಯುಸಿ ವಿದ್ಯಾರ್ಥಿ, ವಿಜ್ಞಾನ ವಿಭಾಗ